ಅಪ್ಪನ ರಾಕೆಟ್ಟಿನ ಮೈಲೇಜು

ರಾಕೆಟ್ಟು ಮತ್ತೆ ಬಿತ್ತು. ಈ ಸಲ ಸಮುದ್ರಕ್ಕೆ. ಅಪ್ಪ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, "ನೋಡು, ಟ್ಯಾಂಕಲ್ಲಿ ಇನ್ನೂ ಕಾಲುಭಾಗ ಹಂಗೇ ಐತೆ," ಎಂದ. ಬಿದ್ದದ್ದಕ್ಕೆ ಬೇಸರವಿಲ್ಲ, ಉಳಿಸಿದ್ದಕ್ಕೆ ಹೆಮ್ಮೆ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಭೂಮಿಯ ಸೆಳೆತ ದಾಟಿ ಹೊರಗೆ ಹೋಗಬೇಕಾದರೆ ಸೆಕೆಂಡಿಗೆ ಹನ್ನೊಂದು ಕಿಲೋಮೀಟರಿಗಿಂತ ಹೆಚ್ಚು ವೇಗ ಬೇಕು, ಅದಕ್ಕೆ ವಿಮೋಚನಾ ವೇಗ ಎನ್ನುತ್ತಾರೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ಮಕ್ಕಳು ಒಪ್ಪುತ್ತಾರೆ. ಪರೀಕ್ಷೆಗೆ ಬರುತ್ತದೆಂದರೆ ಇನ್ನೂ ಬೇಗ ಒಪ್ಪುತ್ತಾರೆ. ಮನೆಯಲ್ಲಿ ಕೂತಿರುವ ನನ್ನ ಅಪ್ಪ ಮಾತ್ರ ಒಪ್ಪುವುದಿಲ್ಲ.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಚಿಂತಾಮಣಿಯಲ್ಲಿ ಹೊರಟು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರು, ಅಲ್ಲಿಂದ ಅದೇ ದಾರಿಯಲ್ಲಿ ವಾಪಸ್ಸು. ಸರ್ವಿಸಿನ ಬಹುಪಾಲು ಅದೇ ರಸ್ತೆಯಲ್ಲಿ ಕಳೆಯಿತು. ಯಾವ ಡ್ರೈವರು ಲೀಟರಿಗೆ ಎಷ್ಟು ಓಡಿಸಿದ ಎಂದು ಡಿಪೋದ ಗೋಡೆಯ ಬೋರ್ಡಿನಲ್ಲಿ ಬರೆಯುತ್ತಿದ್ದರಂತೆ. ಅಪ್ಪನ ಹೆಸರು ಮೇಲಿನ ಸಾಲು ಬಿಟ್ಟು ಇಳಿದದ್ದನ್ನು ನಾನು ಕೇಳಿಲ್ಲ. ಚಿಕ್ಕವಳಿದ್ದಾಗ ರಜೆಯಲ್ಲಿ ಅವನ ಪಕ್ಕ, ಇಂಜಿನ್ನಿನ ಬಾನೆಟ್ಟಿನ ಮೇಲೆ ಕೂತು ಹೋಗುತ್ತಿದ್ದೆ. ಕೆಳಗಿನಿಂದ ಬಿಸಿ ಬರುತ್ತಿತ್ತು. ಬೆಳಗಿನ ಟ್ರಿಪ್ಪಿನಲ್ಲಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡು ಒಯ್ಯುವವರು ಹರಾಜು ತಪ್ಪಿಹೋಗುತ್ತದೆಂದು ಒದ್ದಾಡುತ್ತಿದ್ದರು. "ಸ್ವಲ್ಪ ತುಳೀರಿ ಸಾರ್, ನಮ್ಮೂರ ಎತ್ತಿನ ಗಾಡಿ ಮುಂದಕ್ ಹೋಯ್ತು," ಎಂದು ರೇಗಿಸುತ್ತಿದ್ದರು. ಅಪ್ಪ ಕನ್ನಡಿಯಲ್ಲಿ ಅವರನ್ನು ನೋಡಿ, "ನಿಧಾನವೇ ಪ್ರಧಾನ," ಎನ್ನುತ್ತಿದ್ದ. ಏರು ಮುಗಿಯಿತೆಂದರೆ ಸಾಕು, ಆಕ್ಸಿಲರೇಟರಿನಿಂದ ಕಾಲು ತೆಗೆದು ಬಸ್ಸನ್ನು ತನ್ನ ಪಾಡಿಗೆ ಉರುಳಲು ಬಿಡುತ್ತಿದ್ದ. ಆಗ ಅವನ ಮುಖದಲ್ಲಿ ಬರುತ್ತಿದ್ದ ನೆಮ್ಮದಿಯನ್ನು ನಾನು ಬೇರೆ ಯಾವ ಹೊತ್ತಿನಲ್ಲೂ ನೋಡಿದ್ದಿಲ್ಲ.

ಆ ಅಪ್ಪನಿಗೆ ಹೋದ ವರ್ಷ ಸ್ಟ್ರೋಕ್ ಆಯಿತು. ಬಲಗಡೆ ಹೊಡೆಯಿತು. ಮಾತು ಉಳಿಯಿತು, ನಡಿಗೆ ಬಂತು, ಬಲಗಾಲು ಸ್ವಲ್ಪ ಎಳೆಯುತ್ತದೆ, ಬಲಗೈ ಹೇಳಿದ ಮಾತು ಅರ್ಧ ಕೇಳುತ್ತದೆ. ಆಸ್ಪತ್ರೆಯಿಂದ ಬಿಡುವ ದಿನ ಅಪ್ಪ ಡಾಕ್ಟರನ್ನು ಕೇಳಿದ ಒಂದೇ ಪ್ರಶ್ನೆ, ಗಾಡಿ ಯಾವಾಗ ಓಡಿಸಬಹುದು ಅಂತ. ಡಾಕ್ಟರು "ನೋಡೋಣ" ಎಂದರು. ಆ "ನೋಡೋಣ" ಅಪ್ಪನ ಕಿವಿಗೆ ಹೂಂ ಎಂದು ಬಿತ್ತು, ನನ್ನ ಕಿವಿಗೆ ಉಹೂಂ ಎಂದು ಬಿತ್ತು. ಮನೆಗೆ ಬಂದವಳೇ ಕಾರಿನ ಕೀ ತೆಗೆದು ನನ್ನ ಬೀರುವಿನಲ್ಲಿಟ್ಟೆ.

ಅಲ್ಲಿಂದ ಶುರುವಾಯಿತು ನಮ್ಮ ಜಗಳ. ಅವನ ಬೇಡಿಕೆ ದೊಡ್ಡದೇನಲ್ಲ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಓಡಿಸಿಕೊಂಡು ಹತ್ತಿರದ ಕೈವಾರದ ದೇವಸ್ಥಾನಕ್ಕೆ ಹೋಗಿಬರಬೇಕು. ಅಷ್ಟೇ. ಬಸ್ಸಿದೆ, ಆಟೋ ಇದೆ, ನಾನೇ ಓಡಿಸುತ್ತೇನೆ ಎಂದರೆ ಕೇಳುವುದಿಲ್ಲ. "ಊರ್ ಜನಾನೆಲ್ಲ ಕೂರುಸ್ಕೊಂಡು ಓಡ್ಸಿದೀನಿ, ನನ್ ಹೆಂಡ್ತೀನ ಕೂರುಸ್ಕೊಂಡು ಹೋಗಕ್ಕಾಗಲ್ವಾ?" ಎಂದು ದಿನಾ ಬೆಳಗ್ಗೆ ಕಾಫಿಯ ಜೊತೆಗೆ ಒಂದು ಸಲ, ಸಂಜೆ ಕಾಫಿಯ ಜೊತೆಗೆ ಒಂದು ಸಲ. ಇತ್ತ ಕೈಗೆ ಹೇಳಿಕೊಟ್ಟ ವ್ಯಾಯಾಮವನ್ನೂ ಮಾಡುವುದಿಲ್ಲ. ಮಾಡು ಎಂದರೆ "ನಾನೇನ್ ಕೂಸಾ?" ಎನ್ನುತ್ತಾನೆ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, ಹೆಬ್ಬೆರಳಿಗೆ ಕೆಲಸ ಕೊಡಿ ಮೇಡಂ, ಇಲ್ಲಾಂದ್ರೆ ಹಿಡಿತ ಬರಲ್ಲ ಎಂದು ಹೇಳಿ ಹೇಳಿ ಸುಸ್ತಾದಳು.

ಆಗ ಸಿಕ್ಕಿದ್ದು ಈ ಆಟ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ತೋರಿಸಬಹುದೆಂದು ನಾನು ಟ್ಯಾಬಿನಲ್ಲಿ ಹಾಕಿಕೊಂಡಿದ್ದೆ. ಟ್ಯಾಂಕು, ಇಂಜಿನ್ನು, ಮೇಲೆ ಒಬ್ಬ ಮನುಷ್ಯ ಕೂರುವ ಡಬ್ಬಿ, ಇವನ್ನೆಲ್ಲ ಒಂದರ ಮೇಲೊಂದು ಜೋಡಿಸಿ ರಾಕೆಟ್ ಕಟ್ಟಬೇಕು. ಕಟ್ಟಿದ್ದನ್ನು ಹಾರಿಸಬೇಕು. ಪರದೆಯ ಬಲ ಅಂಚಿನಲ್ಲಿ ಒಂದು ಪಟ್ಟಿ ಇದೆ. ಬೆರಳನ್ನು ಅದರ ಮೇಲೆ ಜಾರಿಸಿದಷ್ಟು ಇಂಜಿನ್ನು ಉರಿಯುತ್ತದೆ, ಕೆಳಗೆ ಎಳೆದರೆ ಆರುತ್ತದೆ. ಅಪ್ಪ ಅದನ್ನು ನೋಡಿದವನೇ, "ಇದು ಆಕ್ಸಿಲರೇಟ್ರು ಅಲ್ವಾ?" ಎಂದ. ಸ್ಟ್ರೋಕ್ ಆದಮೇಲೆ ಅವನು ಒಂದು ವಸ್ತುವನ್ನು ಆಸೆಯಿಂದ ನೋಡಿದ್ದು ಅದೇ ಮೊದಲು.

ನನ್ನ ಬುದ್ಧಿಗೆ ಏನೋ ಹೊಳೆಯಿತು. ಆಟದೊಳಗೆ ಒಂದಾದ ಮೇಲೊಂದು ಸವಾಲುಗಳಿವೆ. ಅದರಲ್ಲೊಂದು, ಹೇಳಿದ ತೂಕ ಮೀರದ ಹಾಗೆ ರಾಕೆಟ್ ಕಟ್ಟಿ, ಭೂಮಿಯ ಸೆಳೆತ ದಾಟಿಸಿ ಕಳಿಸುವುದು. "ಇದನ್ನ ಮಾಡಿ ತೋರ್ಸಪ್ಪ. ಇಂಜಿನ್ನಿನ ಪಟ್ಟಿ ಮಾತ್ರ ಬಲಗೈ ಹೆಬ್ಬೆಟ್ಟಲ್ಲೇ. ಗೆದ್ದ ದಿವಸ ಕೀ ಕೊಡ್ತೀನಿ," ಎಂದೆ. ಅಪ್ಪ ಎಡಗೈ ಚಾಚಿ ನನ್ನಿಂದ ಭಾಷೆ ತೆಗೆದುಕೊಂಡ. ನನಗೆ ಒಳಗೊಳಗೇ ಖುಷಿ. ಬೆರಳಿಗೆ ಕೆಲಸ ಸಿಕ್ಕಿತು, ಕೀ ಕೊಡುವ ದಿನ ಸದ್ಯಕ್ಕೆ ಬರುವುದಿಲ್ಲ ಎಂದುಕೊಂಡೆ. ಅದು ಬರುವುದೇ ಇಲ್ಲವೇನೋ, ಅದಕ್ಕೆ ಕಾರಣ ಬೆರಳಲ್ಲ, ಅವನ ಹಟ ಎಂದು ಅನ್ನಿಸತೊಡಗಿದ ಮೇಲೆ ನನ್ನ ನಿದ್ದೆ ಕೆಟ್ಟಿತು.

ಯಾಕೆಂದರೆ ಅಪ್ಪ ರಾಕೆಟ್ಟನ್ನೂ ಬಸ್ಸಿನ ಹಾಗೆಯೇ ಓಡಿಸಿದ.

ಮೊದಲನೆಯದಾಗಿ, ಆಟದಲ್ಲಿರುವ ಇಂಜಿನ್ನುಗಳ ಪೈಕಿ ಅತಿ ಕಡಿಮೆ ಕುಡಿಯುವ ಪುಟಾಣಿ ಇಂಜಿನ್ನನ್ನೇ ಹುಡುಕಿ ಹಾಕಿದ. ಅದು ಮೇಲೆ ಹೋದಮೇಲೆ ಉರಿಸಲು ಇರುವಂಥದ್ದು, ನೆಲದಿಂದ ಎತ್ತುವ ಶಕ್ತಿ ಅದಕ್ಕಿಲ್ಲ. ಹೇಳಿದೆ. "ಮೈಲೇಜ್ ಇದ್ರಲ್ಲೇ ಜಾಸ್ತಿ ಕಣಮ್ಮ," ಎಂದ. ರಾಕೆಟ್ಟು ಬುಡದಲ್ಲಿ ಬೆಂಕಿ ಕಾರುತ್ತಾ ಇದ್ದಲ್ಲೇ ನಿಂತಿತ್ತು, ಬಹಳ ಹೊತ್ತು, ಟ್ಯಾಂಕು ಹಗುರಾಗುವವರೆಗೆ. ಅಪ್ಪ ಅದನ್ನು ಬಹಳ ತಾಳ್ಮೆಯಿಂದ ನೋಡುತ್ತಿದ್ದ. ನನಗೆ ತಾಳ್ಮೆ ಎಂಬುದು ಸ್ಕೂಲಿನಲ್ಲೇ ಮುಗಿದುಹೋಗಿರುತ್ತದೆ.

ದೊಡ್ಡ ಇಂಜಿನ್ನು ಹಾಕಿಸಲು ವಾರಗಟ್ಟಲೆ ಹಿಡಿಯಿತು. ಹಾಕಿದ. ಆದರೆ ಪಟ್ಟಿಯನ್ನು ಅರ್ಧಕ್ಕೇ ನಿಲ್ಲಿಸಿದ. "ಫುಲ್ ಕೊಡಪ್ಪಾ!" ಎಂದರೆ, "ಹೊರಡ್ತಾನೇ ಫುಲ್ ತುಳಿಯೋನು ಡ್ರೈವರ್ರಾ?" ಎಂದ. ಸ್ವಲ್ಪ ಎತ್ತರ ಹೋಗುತ್ತಿದ್ದ ಹಾಗೆ ಇಂಜಿನ್ನನ್ನೇ ಆರಿಸಿದ. ಉರುಳಿಕೊಂಡು ಹೋಗಲಿ ಅಂತ! ಮೇಲಕ್ಕೆ! ನಾನು ತಲೆ ಚಚ್ಚಿಕೊಂಡೆ. ಅದು ಹೋದಷ್ಟು ಹೋಗಿ, ಒಂದು ಕ್ಷಣ ನಿಂತು, ತಿರುಗಿ ಬಂತು. ಅಪ್ಪ ಪ್ಯಾರಾಚೂಟ್ ಬಿಚ್ಚಿ ಡಬ್ಬಿಯೊಳಗಿನ ಮನುಷ್ಯನನ್ನು ಹುಲ್ಲಿನ ಮೇಲೆ ಹೂವಿನ ಹಾಗೆ ಇಳಿಸಿದ. "ಗೀರೂ ಬಿದ್ದಿಲ್ಲ," ಎಂದು ಅಮ್ಮನಿಗೆ ಕೂಗಿ ಹೇಳಿದ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಟ್ಯಾಂಕಿನ ವಿಚಾರ. ರಾಕೆಟ್ಟೆಂದರೆ ಖಾಲಿಯಾದ ಟ್ಯಾಂಕನ್ನು ಕಳಚಿ ಬಿಸಾಕುತ್ತಾ ಹಗುರವಾಗಿ ಹೋಗಬೇಕು. ಇದು ಮಗುವಿಗೂ ಅರ್ಥವಾಗುವ ಮಾತು. ಅದಕ್ಕೊಂದು ಗುಂಡಿ ಇದೆ. ಅಪ್ಪ ಆ ಗುಂಡಿಯನ್ನು ಮುಟ್ಟಲೊಲ್ಲ. "ಡಿಪೋ ಸಾಮಾನು ದಾರೀಲಿ ಬಿಸಾಕಿ ಬರಾದಾ? ನಾಳೆ ಯಾರು ಉತ್ರ ಕೊಡಾದು?" ಅದು ಆಟ, ಡಿಪೋ ಇಲ್ಲ, ಮ್ಯಾನೇಜರ್ ಇಲ್ಲ ಎಂದೆ. "ಆಯ್ತು, ಯಾರ್ದಾದ್ರೂ ಹೊಲದ್ ಮ್ಯಾಲೆ ಬಿದ್ರೆ?" ಎಂದ. ಸ್ಪೇರ್ ಟೈರು, ಜಾಕು ಬಿಟ್ಟು ಎಂದೂ ಗೇಟು ದಾಟದವನು ರಾಕೆಟ್ಟಿನ ತುದಿಯಲ್ಲಿ ರಿಸರ್ವಿಗೆಂದು ಒಂದು ಟ್ಯಾಂಕನ್ನು ಬೇರೆ ಇಟ್ಟುಕೊಂಡಿದ್ದ. ಪ್ರತಿಸಲವೂ ಅದನ್ನು ತುಂಬಿಕೊಂಡೇ ಮೇಲೆ ಹೋಗುತ್ತಿದ್ದ, ತುಂಬಿಕೊಂಡೇ ಕೆಳಗೆ ಬೀಳುತ್ತಿದ್ದ. ಆ ಟ್ಯಾಂಕಿನ ತೂಕವೇ ನಿನ್ನನ್ನು ಎಳೆಯುತ್ತಿರುವುದು ಎಂದು ಬಿಡಿಸಿ ಹೇಳಿದೆ, ಚಿತ್ರ ಬರೆದು ಹೇಳಿದೆ, ಕೂಗಿ ಹೇಳಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಸ್ಕೂಲಿನಲ್ಲಿ ಪಾಠ ಮಾಡುವಾಗಲೂ ನನಗೆ ಆ ಟ್ಯಾಂಕೇ ಕಾಣುತ್ತಿತ್ತು. ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಹೂವು ಕೊಳ್ಳುತ್ತಾ, ಇವತ್ತು ಹೇಗೆ ಹೇಳಿದರೆ ಅವನ ತಲೆಗೆ ಹೋದೀತು ಎಂದು ಮನಸ್ಸಿನಲ್ಲೇ ವಾದ ಮಾಡುತ್ತಿದ್ದೆ. ಒಂದು ಸಂಜೆ ಹಾಗೆಯೇ ಕೂಗಾಡುತ್ತಿದ್ದಾಗ ಅಮ್ಮ ಅವರೆಕಾಯಿ ಬಿಡಿಸುತ್ತಾ ತಲೆಯೆತ್ತಿ ಕೇಳಿದಳು. "ಅಲ್ಲ ಕಣೇ, ನೀನ್ ಯಾರ್ ಕಡೆ? ಅವ್ರು ಸೋತ್ರೆ ಬಯ್ತೀಯ. ಗೆದ್ರೆ ಕೀ ಕೊಡ್ಬೇಕು. ಕೊಡ್ತೀಯಾ?"

ಅತ್ತ ದರಿ, ಇತ್ತ ಪುಲಿ. ಗೆಲ್ಲಬಾರದು, ಗೆದ್ದರೆ ರಸ್ತೆಗೆ ಇಳಿಯುತ್ತಾನೆ. ಆದರೆ ಕಣ್ಣೆದುರಿಗೆ ತಪ್ಪು ತಪ್ಪಾಗಿ ಕಟ್ಟಿ, ತಪ್ಪು ತಪ್ಪಾಗಿ ಓಡಿಸಿ, ಬಿದ್ದಮೇಲೆ ಮೈಲೇಜಿನ ಲೆಕ್ಕ ಹೇಳುವುದನ್ನು ನೋಡಿಕೊಂಡಿರಲು ನನ್ನ ಕೈಲಿ ಆಗುತ್ತಿರಲಿಲ್ಲ. "ಮೊದ್ಲು ಗೆಲ್ಲಲಿ, ಆಮೇಲ್ ನೋಡೋಣ," ಎಂದೆ. ಹೇಳಿದ ಮೇಲೆ ಅದು ಡಾಕ್ಟರ ಮಾತೇ ಎಂದು ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು. ಅಮ್ಮ "ಪೋನೀಲೇ," ಹೋಗಲಿ ಬಿಡು ಎಂದು ತೆಲುಗಿನಲ್ಲಿ ನನ್ನನ್ನು ಬಿಟ್ಟುಹಾಕಿ ಅವರೆಕಾಯಿಗೆ ಮರಳಿದಳು.

ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ನಾನು ಪುಸ್ತಕದ ಮಾತು ಬಿಟ್ಟು ಅವನ ದಾರಿಗೇ ಹೋದೆ. "ಅಪ್ಪ, ಚಿಕ್ಕಬಳ್ಳಾಪುರ ದಾಟಿದ್ಮೇಲೆ ಏರಲ್ಲಿ ಬಸ್ ನಿಲ್ಸ್‌ಬೇಕಾಯ್ತು ಅಂದ್ಕೋ. ಹ್ಯಾಂಡ್‌ಬ್ರೇಕ್ ಇಲ್ಲ. ಹಾಫ್ ಕ್ಲಚ್ಚಲ್ಲಿ, ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ಹಿಡ್ಕೊಂಡು ನಿಂತಿದೀಯ. ಡೀಸೆಲ್ ಉರಿಯುತ್ತಾ ಇಲ್ವಾ?"

"ಉರಿಯತ್ತೆ."

"ಬಸ್ ಮುಂದಕ್ ಹೋಗುತ್ತಾ?"

"ಇಲ್ಲ."

"ಅರ್ಧ ಕೊಟ್ಟು ಮೇಲಕ್ಕೆ ಹೋಗೋದು ಅಂದ್ರೆ ಇದೇ. ಭೂಮಿ ಕೆಳಕ್ಕೆ ಎಳೀತಾನೇ ಇರುತ್ತೆ. ನಿಧಾನ ಮಾಡಿದಷ್ಟೂ ಹಿಡ್ಕೊಂಡು ನಿಲ್ಲಕ್ಕೇ ಡೀಸೆಲ್ ಖರ್ಚು. ಬೇಗ ಏರಿದೋನಿಗೇ ಮೈಲೇಜು."

ಅಪ್ಪ ಎಡಗಾಲಿನಿಂದ ಇಲ್ಲದ ಕ್ಲಚ್ಚನ್ನು ಒಮ್ಮೆ ಒತ್ತಿ ಬಿಟ್ಟ. ಆಮೇಲೆ, "ಇದನ್ನ ಮೊದ್ಲೇ ಹಿಂಗ್ ಹೇಳಾದಲ್ವೇನಮ್ಮ," ಎಂದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಆಮೇಲೆ ಎಲ್ಲ ಸುಲಭವಾಗಿ ನಡೆಯಿತು. ರಿಸರ್ವ್ ಟ್ಯಾಂಕನ್ನು ತಾನೇ ತೆಗೆದ. ಖಾಲಿ ಟ್ಯಾಂಕು ಬೀಳುವ ಜಾಗ ನಕ್ಷೆಯಲ್ಲಿ ತೋರಿಸು ಎಂದ. ಸಮುದ್ರವೆಂದು ಖಾತ್ರಿಯಾದ ಮೇಲೆ ಕಳಚುವ ಗುಂಡಿಗೂ ಒಪ್ಪಿದ. ಕೆಳಗೆ ದೊಡ್ಡ ಇಂಜಿನ್ನು, ನಡುವೆ ಕಳಚುವ ಕೀಲು, ಮೇಲೆ ಅವನ ಪ್ರೀತಿಯ ಪುಟಾಣಿ ಇಂಜಿನ್ನು. ತೂಕ ಸರಿಯಾಗಿ ಗಡಿಯೊಳಗೆ ಬಂತು. ಇಬ್ಬರೂ ಸೇರಿ ಕಟ್ಟಿದ ಆ ರಾಕೆಟ್ಟು ನೋಡಲು ಚೆನ್ನಾಗಿತ್ತು. ನನಗೆ ನಿಜವಾಗಿಯೂ ಸಂತೋಷವಾಯಿತು, ಬೀರುವಿನ ಕೀ ಮರೆತೇಹೋಗಿತ್ತು.

"ಈಗ ಫುಲ್," ಎಂದೆ.

"ಫುಲ್," ಎಂದ.

ರಾಕೆಟ್ಟು ಎದ್ದಿತು. ಅಪ್ಪನ ಪದ್ಧತಿಯೆಂದರೆ ಹೆಬ್ಬೆರಳನ್ನು ಪಟ್ಟಿಯ ಮೇಲಿಂದ ಎತ್ತುವುದಿಲ್ಲ, ಆಕ್ಸಿಲರೇಟರಿನ ಮೇಲೆ ಕಾಲಿಟ್ಟ ಹಾಗೆ ಇಟ್ಟುಕೊಂಡೇ ಇರುತ್ತಾನೆ. ಕಣ್ಣು ರಾಕೆಟ್ಟಿನ ಮೇಲೆ. ನಾನು ನೋಡಿದರೆ ಪಟ್ಟಿ ಅರ್ಧಕ್ಕಿಂತ ಒಂಚೂರು ಮೇಲೆ ನಿಂತಿತ್ತು.

"ಅಪ್ಪಾ, ಫುಲ್ ಕೊಡು."

"ಕೊಟ್ಟಿದೀನಿ."

"ಎಲ್ಲಿ ಕೊಟ್ಟಿದೀಯ? ಅರ್ಧ ಇದೆ!"

"ಕೊಟ್ಟಿದೀನಿ ಕಣಮ್ಮ, ಫುಲ್ಲೇ ಐತೆ."

ರಾಕೆಟ್ಟು ಬಿತ್ತು. ಮತ್ತೆ ಹಾರಿಸಿದ. ಮತ್ತೆ ಅದೇ ಜಾಗದಲ್ಲಿ ಬೆರಳು ನಿಂತಿತು. ಮತ್ತೆ ಫುಲ್ಲೇ ಐತೆ ಎಂದ. ಇಷ್ಟು ದಿನ ಅರ್ಧ ಕೊಟ್ಟು ಅರ್ಧವೇ ಎಂದು ಎದೆ ತಟ್ಟಿ ಹೇಳುತ್ತಿದ್ದ ಮನುಷ್ಯ ಈಗ ಉಳಿಸುವ ಆಸೆಗೆ ಬಿದ್ದು ಮುಖ ನೋಡಿಕೊಂಡು ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ತಡೆಯಲಾರದಷ್ಟು ರೇಗಿತು. "ಯಾಕಪ್ಪಾ ಸುಳ್ಳು ಹೇಳ್ತೀಯ? ನಿನ್ ಬೆರಳು ಎಲ್ಲಿದೆ ನೀನೇ ನೋಡ್ಕೋ!" ಎಂದು ಕಿರುಚಿಬಿಟ್ಟೆ.

ಅಪ್ಪ ಬೆರಳು ನೋಡಿದ.

ನೋಡುತ್ತಾ ನೋಡುತ್ತಾ ಬೆರಳನ್ನು ಮೇಲಕ್ಕೆ ಜಾರಿಸಿದ. ಪಟ್ಟಿಯ ತುದಿಯವರೆಗೆ ಹೋಯಿತು. ಕಣ್ಣು ತೆಗೆದು ಗೋಡೆಯ ಕಡೆ ನೋಡಿದ. ಬೆರಳು ಸದ್ದಿಲ್ಲದೆ ಇಳಿಯಿತು. ತಿರುಗಿ ನೋಡಿದಾಗ ಅದು ಅರ್ಧದಲ್ಲಿತ್ತು. ಅಪ್ಪನ ಮುಖ ನೋಡಿದೆ. ಸುಳ್ಳು ಸಿಕ್ಕಿಬಿದ್ದವನ ಮುಖ ಅದಾಗಿರಲಿಲ್ಲ. ನನ್ನಷ್ಟೇ ಅವನಿಗೂ ಇದು ಈಗ ಗೊತ್ತಾಗಿತ್ತು.

"ಕಣ್ಣಿಟ್ಟು ನೋಡಿದ್ರೆ ಹೋಗತ್ತೆ," ಎಂದ ನಿಧಾನವಾಗಿ. "ಇನ್ನೊಂದ್ ಸಲ ಬಿಡಣ. ನಾನು ಬೆರಳ್ ನೋಡ್ಕೊತೀನಿ. ದಾರಿ ನೀನ್ ಹೇಳು."

ಹಾಗೇ ಮಾಡಿದೆವು. ಅವನು ಒಂದು ಸಲವೂ ರಾಕೆಟ್ಟನ್ನು ನೋಡಲಿಲ್ಲ. ತಲೆ ಬಗ್ಗಿಸಿ ತನ್ನ ಹೆಬ್ಬೆರಳನ್ನೇ ಕಾಯುತ್ತಾ ಕೂತ. ಪಕ್ಕದಲ್ಲಿ ನಾನು, ಈಗ ಓರೆ ಮಾಡು, ಈಗ ಟ್ಯಾಂಕ್ ಬಿಡು, ಈಗ ಮೇಲಿನ ಇಂಜಿನ್ ಹಚ್ಚು ಎಂದು ಹೇಳುತ್ತಾ ಹೋದೆ. ಉಳಿದ ಗುಂಡಿಗಳನ್ನು ಅವನ ಎಡಗೈ ತಡವಿ ಒತ್ತುತ್ತಿತ್ತು. ನಕ್ಷೆಯಲ್ಲಿ ರಾಕೆಟ್ಟಿನ ದಾರಿಯನ್ನು ತೋರಿಸುವ ಗೆರೆ ಭೂಮಿಯನ್ನು ಸುತ್ತಿಕೊಂಡಿತು, ಉದ್ದವಾಯಿತು, ಇನ್ನೂ ಉದ್ದವಾಯಿತು, ಕೊನೆಗೆ ತಿರುಗಿ ಬರುವುದನ್ನು ಬಿಟ್ಟು ಬಾಯಿ ತೆರೆದುಕೊಂಡಿತು. ಸವಾಲು ಪೂರ್ತಿಯಾಯಿತೆಂದು ಪರದೆಯ ಮೇಲೆ ಬಂತು.

"ಹೋಯ್ತಾ?" ಎಂದ, ತಲೆಯೆತ್ತದೆ.

"ಹೋಯ್ತಪ್ಪ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಕೊಟ್ಟ ಭಾಷೆ ಭಾಷೆಯೇ. ಬಲಗೈಯಲ್ಲೇ ಗೆದ್ದಿದ್ದಾನೆ. ಒಳಗೆ ಹೋಗಿ ಬೀರು ತೆಗೆದು ಕೀ ತಂದು ಅವನ ಮುಂದೆ ಹಿಡಿದೆ.

ಅಪ್ಪ ಕೀ ತೆಗೆದುಕೊಳ್ಳಲಿಲ್ಲ. "ಕೆಳಗ್ ಕೂತ್ಕೋ," ಎಂದ. ಕೂತೆ. "ಕೈ ನೆಲದ್ ಮ್ಯಾಲಿಡು. ಅಂಗೈ ಮೇಲ್ ಮಾಡು." ಮಾಡಿದೆ. ಅವನು ಕುರ್ಚಿಯಲ್ಲಿ ಕೂತ ಹಾಗೆಯೇ ಬಲಗಾಲನ್ನು ಎತ್ತಿದ, ಅರೆಗಳಿಗೆ ಅಲ್ಲೇ ಹಿಡಿದ. ಹೆಣ್ಣುಮಕ್ಕಳಿಗೆ ಅಪ್ಪಿತಪ್ಪಿಯೂ ಕಾಲು ತಾಗಿಸಿದವನಲ್ಲ. ಆಮೇಲೆ ಪಾದವನ್ನು ನನ್ನ ಅಂಗೈ ಮೇಲೆ ಇಟ್ಟು ಕಣ್ಣು ಮುಚ್ಚಿಕೊಂಡ.

"ರೋಡಲ್ಲಿದೀನಿ ಅಂದ್ಕೋ. ಎದುರುಗಡೆ ಹಸ ಬಂತು. ಬ್ರೇಕ್ ಹಾಕ್ದೆ. ಹೇಳು, ಹೆಂಗ್ ಬಿತ್ತು?"

ಪಾದ ನನ್ನ ಅಂಗೈ ಮೇಲೆ ಇಟ್ಟ ಹಾಗೆಯೇ ಇತ್ತು. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಸೆರಗನ್ನು ಬಾಯಿಗೆ ಇಟ್ಟುಕೊಂಡಿದ್ದಳು. ಸರಿಯಾಗಿ ಬಿತ್ತು ಅಂದುಬಿಡಲೇ ಎನ್ನಿಸಿತು. ವರ್ಷವಿಡೀ ಯಾವ ಮಾತನ್ನು ಅವನಿಗೆ ಒಪ್ಪಿಸಬೇಕೆಂದು ಒದ್ದಾಡಿದೆನೋ ಅದನ್ನೇ ಈಗ ನಾನು ಹೇಳಬೇಕಿತ್ತು.

"ಹೇಳಮ್ಮ. ಹಾಕಿದೀನಲ್ಲ."

"ಇನ್ನೂ ಹಾಕಿಲ್ಲ ಅಪ್ಪ," ಎಂದೆ.

ಅಪ್ಪ ಕಣ್ಣು ಬಿಟ್ಟು ಪಾದವನ್ನು ನೋಡಿದ. ನೋಡಿದ ಮೇಲೆ ಅದು ಒತ್ತಿತು, ನನ್ನ ಬೆರಳಿನ ಗಿಣ್ಣುಗಳು ನೆಲಕ್ಕೆ ತಾಗಿ ನೋಯುವಷ್ಟು ಜೋರಾಗಿ.

ಅವನು ಕಾಲು ತೆಗೆದ. ಕಷ್ಟಪಟ್ಟು ಬಗ್ಗಿ, ಕಾಲು ತಾಗಿಸಿದ್ದಕ್ಕೆ ನನ್ನ ಅಂಗೈ ಮುಟ್ಟಿ ಕಣ್ಣಿಗೊತ್ತಿಕೊಂಡ. "ಕೀ ಒಳಗಿಡಮ್ಮ," ಎಂದ.